ಮುಚ್ಚಳದಣ್ಣನ ಭುಜ ಮತ್ತು ಎರವಲು ವಕೀಲರು

ಬಿಸ್ಕತ್ತು ಕಾರ್ಖಾನೆಯಲ್ಲಿ ಅಪಘಾತಗಳು ನಡೆಯುವುದಿಲ್ಲ. ಗೇಟಿನ ಪಕ್ಕದ ಫಲಕದಲ್ಲಿ ದಪ್ಪ ಅಕ್ಷರಗಳಲ್ಲಿ ಹಾಗೆಂದು ಬರೆದಿದೆ, ಮತ್ತು ಆ ಫಲಕಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಬಣ್ಣ ಹೊಡೆಯಲಾಗುತ್ತದೆ. ಆದ್ದರಿಂದ ಪ್ಯಾಕಿಂಗ್ ವಿಭಾಗದ ಅಟ್ಟದ ಮೇಲಿಂದ ತುಂಬಿದ ಪೆಟ್ಟಿಗೆಯೊಂದು ಕಳಚಿ ಬಂದು ಮುಚ್ಚಳದಣ್ಣನ ಬಲಭುಜದ ಮೇಲೆ ಕೂತಾಗ, ಅದನ್ನು ಏನೆಂದು ಕರೆಯಬೇಕೆಂಬ ಬಗ್ಗೆ ಆಡಳಿತ ಕಚೇರಿಯಲ್ಲಿ ಮಧ್ಯಾಹ್ನವಿಡೀ ಚರ್ಚೆ ನಡೆಯಿತು. ಕೊನೆಗೆ ‘ಸರಕಿನ ಅವಧಿಪೂರ್ವ ಇಳಿಕೆ’ ಎಂದು ದಾಖಲಾಯಿತು. ಇಳಿಯುವ ಹಾದಿಯಲ್ಲಿ ಭುಜವೊಂದು ಇದ್ದ ಕಾರಣ ಬಿಸ್ಕತ್ತುಗಳು ಹೆಚ್ಚೇನೂ ಪುಡಿಯಾಗಲಿಲ್ಲ ಎಂಬುದನ್ನೂ ಸಂತೋಷದಿಂದ ಸೇರಿಸಲಾಯಿತು.

ಬಿಸ್ಕತ್ತಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕೆಲಸ ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಮೂಳೆ ಕೂಡಿತು, ಆದರೆ ತನಗೆ ತೋಚಿದ ಹಾಗೆ ಕೂಡಿತು. ಕೈ ಮಾತ್ರ ಮೊಳೆಗೆ ನೇತುಹಾಕಿದ ಅಂಗಿಯ ತೋಳಿನಂತೆ ಜೋತುಬಿತ್ತು. ಇನ್ನು ಇದು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಮ್ಯಾನೇಜರು ಆಸ್ಪತ್ರೆಗೆ ಬಂದು ಮಂಚದ ತುದಿಯಲ್ಲಿ ಕೂತು, "ನೀವು ಬೇಗ ಗುಣವಾಗಿ ಕೆಲಸಕ್ಕೆ ಬರಬೇಕು. ಅಲ್ಲಿಯವರೆಗೆ ನಿಮ್ಮನ್ನ ಕೆಲಸದಿಂದ ತೆಗೆದಿದ್ದೇವೆ" ಎಂದು ಪ್ರೀತಿಯಿಂದಲೇ ಹೇಳಿಹೋದರು.

ಮನೆಯಲ್ಲಿ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ದಾರ ಕಚ್ಚಿ ತುಂಡರಿಸಿ, "ರೀ, ಕಾನೂನಲ್ಲಿ ಪರಿಹಾರ ಅಂತ ಇದೆಯಂತೆ. ಒಬ್ಬ ವಕೀಲರನ್ನ ಹಿಡೀರಿ. ಸ್ವಲ್ಪ ಬಾಯಿ ಇರೋರನ್ನೇ ನೋಡಿ" ಅಂದಳು.

ಕೋರ್ಟಿನ ಬೀದಿಯ ಮೊದಲನೆಯ ವಕೀಲರು ಬಹಳ ಆದರದಿಂದ ಕೂರಿಸಿದರು. ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಚಾಚಿದರು.

"ತಗೊಳಪ್ಪ. ಯಾರ ಮೇಲೆ ಕೇಸು?"

"ಬಿಸ್ಕತ್ತು ಕಂಪನಿ ಮೇಲೆ ಸಾರ್."

ವಕೀಲರು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಮುಚ್ಚಿದರು. "ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತೆ ನೋಡು."

"ನಾನೇ ಒತ್ತಿದ್ದು ಸಾರ್."

"ಕೆಲಸ ಅಚ್ಚುಕಟ್ಟು. ಕೇಸು ಮಾತ್ರ ತಗೊಳ್ಳೋಕಾಗಲ್ಲ."

ವ್ಯವಸ್ಥೆ ಸರಳವಾಗಿತ್ತು. ಮುಂದೊಂದು ದಿನ ಬೇಕಾಗಬಹುದಾದ ಸಲಹೆಗಾಗಿ ಕಂಪನಿಯು ಊರಿನ ಪ್ರತಿಯೊಬ್ಬ ವಕೀಲರಿಗೂ ತಿಂಗಳಿಗೊಂದು ಡಬ್ಬಿ ಮತ್ತು ಕಿರುಕಾಣಿಕೆ ಕಳಿಸುತ್ತಿತ್ತು. ಡಬ್ಬಿ ಸ್ವೀಕರಿಸಿದವರು ಕಂಪನಿಯ ಕಡೆಯವರು. ಕಡೆಯವರು ಎದುರು ನಿಲ್ಲುವಂತಿಲ್ಲ. ಮುಚ್ಚಳದಣ್ಣ ಬೀದಿಯುದ್ದಕ್ಕೂ ಮೆಟ್ಟಿಲು ಹತ್ತಿಳಿದ. ಹೋದಲ್ಲೆಲ್ಲ ಮೇಜಿನ ಮೇಲೆ ತನ್ನದೇ ಕೈಕೆಲಸ ಕೂತಿರುವುದನ್ನು ನೋಡಿ ಬಂದ.

ಉಚಿತ ಕಾನೂನು ನೆರವು ಕೇಂದ್ರದಲ್ಲಿ ಡಬ್ಬಿ ಇರಲಿಲ್ಲ, ನಿಯಮವಿತ್ತು. ಗುಮಾಸ್ತರು ಅದನ್ನು ಓದಿ ಹೇಳಿದರು: "ಉಚಿತ ವಕೀಲರನ್ನು ಕೋರುವ ಅರ್ಜಿಯನ್ನು ಅರ್ಜಿದಾರರು ತಮ್ಮ ವಕೀಲರ ಮೂಲಕವೇ ಸಲ್ಲಿಸತಕ್ಕದ್ದು."

"ವಕೀಲರಿದ್ದಿದ್ರೆ ನಾನು ಇಲ್ಲಿಗ್ಯಾಕೆ ಬರ್ತಿದ್ದೆ ಅಣ್ಣಾ?"

"ಅದೇ ಅಲ್ವಾ. ವಕೀಲರಿದ್ದೋರು ಬರಲ್ಲ, ಇಲ್ಲದೋರು ಹಾಕೋ ಹಾಗಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ಅರ್ಜಿನೂ ಬಾಕಿ ಇಲ್ಲ" ಎಂದು ಗುಮಾಸ್ತರು ಗೋಡೆಯ ಮೇಲಿದ್ದ ಪ್ರಶಂಸಾಪತ್ರ ತೋರಿಸಿದರು.

ಕೊನೆಗೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಖಾಲಿ ಮೇಜಿನ ವಕೀಲರೊಬ್ಬರು ಸಿಕ್ಕರು. "ನನಗೆ ಸಕ್ಕರೆ ಕಾಯಿಲೆ. ಡಬ್ಬಿ ವಾಪಸ್ ಕಳಿಸಿಬಿಟ್ಟೆ. ನ್ಯಾಯದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು" ಎಂದರು. ಅಂದೇ ಪರಿಹಾರಾಧಿಕಾರಿಗಳ ಕಚೇರಿಯಲ್ಲಿ ದಾವೆ ಹೂಡಿದರು. ಮುಚ್ಚಳದಣ್ಣ ಆ ದಿನ ಎಡಗೈಯಲ್ಲೇ ತಲೆ ಬಾಚಿಕೊಂಡ.

ಅದೇ ತಿಂಗಳು ಕಂಪನಿ ಸಕ್ಕರೆರಹಿತ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದಿತು.

ಮುಂದಿನ ಭೇಟಿಯಲ್ಲಿ ವಕೀಲರು ಕಾಗದಪತ್ರಗಳನ್ನು ಅಂದವಾಗಿ ಕಟ್ಟಿ ಹಿಂದಿರುಗಿಸಿದರು. ತುಟಿಯ ಅಂಚಿನಲ್ಲಿ ಪುಡಿ ಇತ್ತು. "ತಪ್ಪು ತಿಳೀಬೇಡ. ಎಷ್ಟೋ ವರ್ಷದ ಮೇಲೆ ಕಾಫಿ ಜೊತೆ ಏನೋ ಒಂದು ಬಾಯಿಗೆ ಬಿತ್ತು."

ಮನೆಯಲ್ಲಿ ಹೆಂಡತಿ ಕೇಳಿಸಿಕೊಂಡು, "ಹೋಗ್ಲಿ ಬಿಡಿ, ನಮ್ಮ ಕೇಸಿಂದ ಅವರಿಗಾದ್ರೂ ತಿನ್ನೋಕೆ ಸಿಕ್ತು" ಅಂದಳು. ಆಮೇಲೆ ಯಂತ್ರವನ್ನು ಎಷ್ಟು ಜೋರಾಗಿ ತುಳಿದಳೆಂದರೆ ಸೂಜಿ ಮುರಿಯಿತು.

ವಿಚಾರಣೆಯ ದಿನ ಒಂದು ಕಡೆ ಕರಿಕೋಟುಗಳು ಬೆಂಚು ಸಾಲದೆ ಬಾಗಿಲವರೆಗೂ ನಿಂತಿದ್ದವು. ಇನ್ನೊಂದು ಕಡೆ ಮುಚ್ಚಳದಣ್ಣ ಮತ್ತು ಅವನ ಹೆಂಡತಿ. ಪರಿಹಾರಾಧಿಕಾರಿಗಳಿಗೆ ಸಂಕಟವಾಯಿತು. ವಕೀಲರಿಲ್ಲದ ಕಕ್ಷಿಯ ವಿಚಾರಣೆ ನಡೆಸುವಂತಿರಲಿಲ್ಲ. ವಿಚಾರಣೆ ನಡೆಸದಿದ್ದರೆ ಅವರ ಬಡ್ತಿ ನಿಲ್ಲುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು, "ಕಂಪನಿಯವರು ತಮ್ಮಲ್ಲಿ ಹೆಚ್ಚುವರಿಯಾಗಿರುವ ಒಬ್ಬ ವಕೀಲರನ್ನು ಅರ್ಜಿದಾರರಿಗೆ ಎರವಲು ಕೊಡಬಹುದೇ?" ಎಂದು ಕೇಳಿದರು.

ಮ್ಯಾನೇಜರು ಔದಾರ್ಯದಿಂದ ಒಪ್ಪಿದರು. ಕೆಲಸ ಮುಗಿದ ಕೂಡಲೇ ಸುಸ್ಥಿತಿಯಲ್ಲಿ ಹಿಂದಿರುಗಿಸಬೇಕು ಎಂಬುದೊಂದೇ ಷರತ್ತು.

ಎರವಲು ಬಂದವರು ಕೊನೆಯ ಸಾಲಿನ ವಕೀಲಮ್ಮ. ಕರಿಕೋಟು ಹೊಲಿಸಿದ ವರ್ಷವೇ ಕಂಪನಿ ಅವರನ್ನು ತನ್ನ ಕಡೆಗೆ ಸೇರಿಸಿಕೊಂಡಿತ್ತು. ಕೇಸು ಮಾತ್ರ ಒಂದನ್ನೂ ಕೊಟ್ಟಿರಲಿಲ್ಲ. ಈಗ ಕೂದಲು ನೆರೆತಿತ್ತು. ಮರುದಿನ ಅವರು ಮುಚ್ಚಳದಣ್ಣನ ಮನೆಗೇ ಬಂದು, ಜೋತ ಕೈಯನ್ನು ತಾವೇ ಎತ್ತಿ ಇಳಿಸಿ ನೋಡಿ, ಅಟ್ಟ ಹೇಗಿತ್ತು, ಹಗ್ಗ ಯಾರು ಕಟ್ಟುತ್ತಿದ್ದರು ಎಂದೆಲ್ಲ ಕೇಳಿದರು.

"ಕಕ್ಷಿದಾರರನ್ನ ಇಷ್ಟು ಹತ್ತಿರದಿಂದ ನೋಡ್ತಿರೋದು ಇದೇ ಮೊದಲು. ಚೆನ್ನಾಗಿ ವಾದಿಸಿ, ಆದ್ರೆ ಸೋಲಿ ಅಂದಿದ್ದಾರೆ ಮ್ಯಾನೇಜರು" ಎಂದರು.

"ಮತ್ತೆ ನೀವೇನ್ ಮಾಡ್ತೀರಿ ಮೇಡಂ?" ಹೆಂಡತಿ ಕೇಳಿದಳು.

"ಮೊದಲನೇದನ್ನ ಮಾಡ್ತೀನಮ್ಮ. ಎರಡನೇದು ನೆನಪಿದ್ರೆ ನೋಡೋಣ."

ಮುಂದಿನ ವಿಚಾರಣೆಯಲ್ಲಿ ಕಂಪನಿಯ ಹಿರಿಯ ವಕೀಲರ ವಾದ ಗಟ್ಟಿಯಾಗಿತ್ತು. ಅರ್ಜಿದಾರರನ್ನು ನೇಮಿಸಿಕೊಂಡದ್ದು ಕೈಯಿಂದ ಮುಚ್ಚಳ ಒತ್ತಲು. ಪೆಟ್ಟು ಬಿದ್ದದ್ದು ಭುಜಕ್ಕೆ. ಭುಜವು ಕಂಪನಿಯ ನೌಕರನಲ್ಲ.

ವಕೀಲಮ್ಮ ಎದ್ದರು. ಮೊದಲು ನೀರು ಕುಡಿದರು. "ಸ್ವಾಮಿ, ಭುಜ ನೌಕರನಲ್ಲ ಅಂದರೆ ಹೊರಗಿನದು. ಹೊರಗಿನದು ದಿನಾ ಬೆಳಗ್ಗೆ ಒಳಗೆ ಬರುವಾಗ ಗೇಟಿನಲ್ಲಿ ತಡೆದು ನಿಲ್ಲಿಸಿ, ಕೈಯನ್ನು ಮಾತ್ರ ಒಳಗೆ ಬಿಡಬೇಕಿತ್ತು. ಯಾಕೆ ತಡೆಯಲಿಲ್ಲ?"

ಕರಿಕೋಟುಗಳು ಒಂದರ ಮುಖ ಒಂದು ನೋಡಿಕೊಂಡವು. ಆ ಕೋಣೆಯಲ್ಲಿ ಪ್ರಶ್ನೆ ಕೇಳಿಬಂದು ಬಹಳ ಕಾಲವಾಗಿತ್ತು. ವಕೀಲಮ್ಮ ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಮಾತು ನಿಲ್ಲಿಸಲಿಲ್ಲ. ಸೋಲಬೇಕಾದ ಸಂಗತಿ ನೆನಪಾಗುವಷ್ಟರಲ್ಲಿ ಗೆದ್ದುಬಿಟ್ಟಿದ್ದರು. ಕಂಪನಿಯು ಪೂರ್ಣ ಪರಿಹಾರ ಕೊಡತಕ್ಕದ್ದೆಂದು ಆದೇಶವಾಯಿತು.

ಗಂಡ ಹೆಂಡತಿ ಅಂದು ಬಸ್ಸು ಹತ್ತದೆ ನಡೆದೇ ಮನೆಗೆ ಹೋದರು. ಹೊಲಿಗೆ ಯಂತ್ರಕ್ಕೊಂದು ಮೋಟಾರು ಹಾಕಿಸಬೇಕು ಎಂದಳು ಅವಳು. ಸಾಮಾನೆಲ್ಲ ಸೊಂಟದೆತ್ತರದಲ್ಲೇ ಇರುವ ಒಂದು ಪುಟ್ಟ ಅಂಗಡಿ ಇಡಬೇಕು ಎಂದ ಅವನು. ಅಂಗಡಿಯ ಸುಣ್ಣದ ಬಣ್ಣ ಯಾವುದಿರಬೇಕು ಎಂಬಲ್ಲಿ ಸಣ್ಣದೊಂದು ಜಗಳವೂ ಆಯಿತು.

ವಾರದೊಳಗೆ ಕಂಪನಿ ಮತ್ತೊಂದು ಅರ್ಜಿ ಸಲ್ಲಿಸಿತು. ಆದೇಶವನ್ನು ಅದು ತುಂಬು ಹೃದಯದಿಂದ ಒಪ್ಪಿತ್ತು; ಪರಿಹಾರವನ್ನು ಯಾರಿಗೆ ಕೊಡಬೇಕು ಎಂಬುದಷ್ಟೇ ಪ್ರಶ್ನೆ. ಸದರಿ ಪರಿಹಾರವನ್ನು ಗಳಿಸಿದವರು ವಕೀಲಮ್ಮ. ವಕೀಲಮ್ಮ ಕಂಪನಿಯವರು. ಕಂಪನಿಯವರು ಕಂಪನಿಯ ವೇಳೆಯಲ್ಲಿ ಗಳಿಸಿದ್ದು ಕಂಪನಿಗೇ ಸೇರತಕ್ಕದ್ದು.

ಪರಿಹಾರಾಧಿಕಾರಿಗಳು ಎರಡು ದಿನ ಯೋಚಿಸಿದರು. ಇದರಲ್ಲಿ ತಪ್ಪು ಹುಡುಕಬಲ್ಲವರು ವಕೀಲಮ್ಮ ಒಬ್ಬರೇ, ಮತ್ತು ಅವರನ್ನು ಷರತ್ತಿನಂತೆ ಹಿಂದಿರುಗಿಸಿಯಾಗಿತ್ತು. ಅರ್ಜಿ ಪುರಸ್ಕೃತವಾಯಿತು.

ಪರಿಹಾರ ವಿತರಣಾ ಸಮಾರಂಭ ಕಾರ್ಖಾನೆಯ ಸಭಾಂಗಣದಲ್ಲೇ ನಡೆಯಿತು. ಮುಚ್ಚಳದಣ್ಣ ಮತ್ತು ಅವನ ಹೆಂಡತಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಮ್ಯಾನೇಜರು ಪಾವತಿಸುವವರಾಗಿ ವೇದಿಕೆಯ ಎಡಗಡೆ ನಿಂತು ಚೆಕ್ಕನ್ನು ಮುಂದೆ ಚಾಚಿದರು, ಆಮೇಲೆ ಬಲಗಡೆ ಹೋಗಿ ನಿಂತು ಸ್ವೀಕರಿಸಿ ಕೃತಜ್ಞತೆ ಸಲ್ಲಿಸಿದರು. ಎರಡಕ್ಕೂ ಫೋಟೊ ತೆಗೆದರು. ವರ್ಷದ ಶ್ರೇಷ್ಠ ಉದ್ಯೋಗಿ ಪ್ರಶಸ್ತಿ ಪಡೆದ ವಕೀಲಮ್ಮ ಮುಚ್ಚಳದಣ್ಣನ ಕಡೆ ನೋಡಲಿಲ್ಲ. ಕೋಟಿನ ಗುಂಡಿಯನ್ನೇ ತಿರುವುತ್ತ ನಿಂತಿದ್ದರು.

"ನೊಂದ ಕಾರ್ಮಿಕರಿಗೆ ನ್ಯಾಯ ದೊರೆತ ಈ ಶುಭದಿನ" ಎಂದು ಮ್ಯಾನೇಜರು ಮಾತು ಮುಗಿಸಿದಾಗ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿ ಮಾತ್ರ ಸದ್ದಿರಲಿಲ್ಲ. ಎಲ್ಲರೂ ಅತ್ತ ತಿರುಗಿ ಕಾದರು. ಮುಚ್ಚಳದಣ್ಣ ಎಡಗೈ ಎತ್ತಿದ, ತಟ್ಟಲು ಬಲಗೈ ಬರಲಿಲ್ಲ.

"ಇಲ್ಲಿ ತಟ್ಟಿ ರೀ, ಮನೆಗೆ ಹೋಗೋಣ" ಎಂದು ಹೆಂಡತಿ ತನ್ನ ಅಂಗೈ ಒಡ್ಡಿದಳು.

ಅವನು ತಟ್ಟಿದ. ಸದ್ದು ಚೆನ್ನಾಗಿಯೇ ಬಂತು.