ಒಗ್ಗರಣೆಗೆ ಬಹುಮತ

ನಮ್ಮ ಮೇಲಿನ ಮಹಡಿಯ ಜಪಾನಿ ಅಜ್ಜಿ ಜರ್ಮನಿಯಲ್ಲಿ ಒಂದು ಚುನಾವಣೆ ಗೆಲ್ಲಿಸಿಕೊಟ್ಟರು ಎಂದರೆ ನೀವು ನಂಬುವುದಿಲ್ಲ. ಅಭ್ಯರ್ಥಿ ಯಾರು ಗೊತ್ತೆ? ನಮ್ಮ ಮನೆಯ ಒಗ್ಗರಣೆ!

ನಾನು ಕಂಪ್ಯೂಟರಿನವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಡ್ಯೂಸೆಲ್ಡಾರ್ಫಿಗೆ ಬಂದ ಹೊಸತು. ಅಜ್ಜಿ ಇದ್ದದ್ದು ಮಗಳ ಮನೆಯಲ್ಲಿ; ಮಗಳು ವಾರವೆಲ್ಲ ಕೆಲಸದ ಮೇಲೆ ಊರೂರು. ಅಜ್ಜಿಯ ಅಪ್ಪ, ಗಂಡ, ಮಗ ಮೂವರೂ ಅವರ ದೇಶದ ಸಂಸದರು. ಮೂವರ ಪ್ರಚಾರವೂ ಇವರದೇ. ಟ್ರಾಮ್ ಸ್ಟಾಪಿನಲ್ಲಿ ಕಂಡವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದರು, ನಾಯಿಗಳಿಗೂ. ಅಭ್ಯಾಸಬಲ!

ಜೊತೆಗೆ ಅಕ್ಷರಗಳ ಕಲಾವಿದೆ. ಸಾಮಾನಿನ ಚೀಟಿಯನ್ನೂ ಕುಂಚದಲ್ಲೇ ಬರೆಯಬೇಕು. ‘ಈರುಳ್ಳಿ’ ಎಂಬ ಅಕ್ಷರ ಮನಸ್ಸಿಗೆ ಬಂದಂತೆ ಮೂಡಲಿಲ್ಲವೆಂದು ತಿದ್ದಿ ತೀಡುವಷ್ಟರಲ್ಲಿ ಶನಿವಾರದ ಅಂಗಡಿ ಮುಚ್ಚಿರುತ್ತಿತ್ತು. ಭಾನುವಾರ ಆ ದೇಶದಲ್ಲಿ ಅಂಗಡಿಯೇ ತೆರೆಯದು, ಈರುಳ್ಳಿಗೆ ನಮ್ಮ ಮನೆಯೇ ಗತಿ.

ಹೀಗಿರುವಾಗ ಕೆಳಮನೆಯ ಮಹಾಶಯರು ನಮ್ಮ ಇಂಗಿನ ವಾಸನೆಯ ಮೇಲೆ ದೂರು ಕೊಟ್ಟರು. ಶನಿವಾರ ಎಲ್ಲ ಬಾಡಿಗೆದಾರರನ್ನೂ ಕೇಳುತ್ತೇನೆ, ಹೆಚ್ಚಿನವರು ಬೇಡವೆಂದರೆ ಮನೆ ಖಾಲಿ ಮಾಡಿ ಎಂದರು ಮಾಲೀಕರು. ಆ ಮನೆ ಹುಡುಕುವಷ್ಟರಲ್ಲೇ ನಮ್ಮ ಚಪ್ಪಲಿ ಸವೆದಿತ್ತು.

"ಇಂಗು ಬಿಟ್ಟು ಬದುಕ್ಬಹುದು ರೀ. ಮನೆ ಬಿಟ್ಟು ಎಲ್ಲಿಗೆ ಹೋಗೋದು?" ಎಂದಳು ನನ್ನ ಹೆಂಡತಿ.

ಈರುಳ್ಳಿಗೆ ಬಂದಿದ್ದ ಅಜ್ಜಿಗೆ ವಿಷಯ ತಿಳಿದದ್ದೇ ತಡ, ಕಣ್ಣು ಮಿಂಚಿತು. ಮರುದಿನ ನನ್ನ ಎದೆಗೆ ಅಡ್ಡವಾಗಿ ಒಂದು ಬಿಳಿ ಪಟ್ಟಿ ಬಿತ್ತು, ಕೈಗೆ ಬಿಳಿ ಗ್ಲೌಸು; ಜಪಾನಿನಲ್ಲಿ ಚುನಾವಣೆಗೆ ನಿಂತವರ ವೇಷವಂತೆ. ಪಟ್ಟಿಯ ಮೇಲೆ ದಪ್ಪ ಜಪಾನಿ ಅಕ್ಷರಗಳಲ್ಲಿ ನನ್ನ ಹೆಸರು.

"ಇಲ್ಲಿ ಇದನ್ನ ಯಾರು ಓದ್ತಾರೆ?" ಎಂದೆ.

"ಓದೋದು ಬೇಡ, ಕಂಡರೆ ಸಾಕು. ಬಗ್ಗಿ. ಇನ್ನೂ ಬಗ್ಗಿ. ಭಾಷಣ ಮಾತ್ರ ಬೇಡ. ನನ್ನ ಗಂಡ ಭಾಷಣ ಮಾಡಿದ ಕಡೆಯೆಲ್ಲ ವೋಟು ಕಮ್ಮಿ ಬಂತು." (ಅವರದು ಹರುಕು ಇಂಗ್ಲಿಷ್, ನನ್ನದು ಅದಕ್ಕಿಂತ ಹರುಕು ಜರ್ಮನ್. ಕನ್ನಡ ಮಾಡಿ ಕೊಡುತ್ತಿದ್ದೇನೆ, ಸಹಿಸಿಕೊಳ್ಳಿ.)

ಮನೆಮನೆಯ ಬಾಗಿಲಿಗೂ ಹೊರಟೆವು; ಹಿಂದಿನಿಂದ ನನ್ನ ಹೆಂಡತಿ, ಕೈಯಲ್ಲಿ ಆಂಬೊಡೆಯ ತಟ್ಟೆ. ಮತದಾರರಿಗೆ ಆಮಿಷ ಒಡ್ಡುವುದು ಅಪರಾಧವಲ್ಲವೇ ಎಂದು ಕೇಳಿದೆ.

"ಆರಿದ್ದು ಕೊಟ್ಟರೆ ಅಪರಾಧ" ಎಂದರು ಅಜ್ಜಿ.

ದೂರು ಕೊಟ್ಟ ಮಹಾಶಯರು ಮೂರು ತಿಂದು, ಇದರಲ್ಲೇನೋ ಒಳ್ಳೆಯ ಪರಿಮಳವಿದೆ ಎಂದರು. ಇಂಗು ಎನ್ನುವ ಧೈರ್ಯ ನನಗಾಗಲಿಲ್ಲ. ಶನಿವಾರ ನಮ್ಮ ಪರವಾಗಿ ಮೊದಲು ಎದ್ದ ಕೈಯೂ ಅವರದೇ. ಮನೆ ಉಳಿಯಿತು.

"ನಿಮ್ಮ ಋಣ ಹೇಗೆ ತೀರಿಸೋದು ಅಜ್ಜಿ?" ಎಂದು ಕೇಳಿದೆವು. ಅವರು ಗ್ಲೌಸನ್ನು ಮಡಿಸಿಟ್ಟರು.

"ಅಪ್ಪನನ್ನ ಗೆಲ್ಲಿಸಿದೆ, ಗಂಡನನ್ನ ಗೆಲ್ಲಿಸಿದೆ, ಮಗನನ್ನ ಗೆಲ್ಲಿಸಿದೆ. ಗೆದ್ದವರೆಲ್ಲ ರಾಜಧಾನಿಗೆ ಹೊರಟುಹೋದರು. ಗೆದ್ದು ಮನೆಯಲ್ಲೇ ಉಳಿದವರು ನೀವೇ ಮೊದಲು."

ಅಂದಿನಿಂದ ನಮ್ಮ ಮನೆಯ ಊಟಕ್ಕೆ ಮೂರು ತಟ್ಟೆ.