ಕ್ಲಿಕ್ಕಿಗೆ ಸಿಗದ ಸೂರ್ಯ

ಇನ್ನು ಮೇಲೆ ಸದಲಗಾದಲ್ಲಿ ಸೂರ್ಯ ಮುಳುಗಬೇಕಾದರೆ ತನ್ನ ಕಂಪ್ಯೂಟರಿಗೆ ತಿಳಿಸಿಯೇ ಮುಳುಗಬೇಕೆಂದು ಪಾರಿಸ ತೀರ್ಮಾನಿಸಿಬಿಟ್ಟ. ಅವನು ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರ. ಅದು 2012ರ ಚಾತುರ್ಮಾಸ; ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಮುಟ್ಟುವುದಿಲ್ಲ. ಮೋಡ ಕವಿದ ಆ ದಿನಗಳಲ್ಲಿ ಅವ್ವ ಅಕ್ಕುತಾಯಿ ದಿನಾ ಸಂಜೆ ಅಂಗಳದಲ್ಲಿ ನಿಂತು ಸೂರ್ಯನನ್ನು ಹುಡುಕಿ ಕುತ್ತಿಗೆ ನೋಯಿಸಿಕೊಳ್ಳುತ್ತಿದ್ದಳು.

"ಮೌಸ್ ಒಂದ ಸಲ ಒತ್ತಿದ್ರ ಸಾಕವ್ವಾ, ಊಟಕ್ಕ ಎಷ್ಟ ಹೊತ್ತ ಉಳದೈತಿ ಅಂತ ಹೇಳತೈತಿ. ಇವತ್ತ ಅದನ್ನ ಮುಗಿಸೂತನಾ ನಾ ತಾಟಿಗೆ ಕೂಡಂಗಿಲ್ಲ."

"ಕ್ಯಾಲೆಂಡರದಾಗ ಬರದಿರತೈತಲ್ರಿ," ಎಂದಳು ಹೆಂಡತಿ ಮಂಗಲ.

ಈ ಮಾತನ್ನು ಪಾರಿಸ ಕೇಳಿಸಿಕೊಳ್ಳಲಿಲ್ಲ.

ಅವನ ಪ್ರೋಗ್ರಾಮಿನಲ್ಲಿ ಒಂದು ವಿಂಡೋ, ಅದರೊಳಗೆ ಒಂದು ವೆಬ್ ಪೇಜು, ಪೇಜಿನ ನಡುವೆ ಹಳದಿ ಸೂರ್ಯ. ಅವ್ವ ತಪ್ಪಿ ಬಲಗುಂಡಿ ಒತ್ತಿ ಬೇಡದ ಮೆನು ತೆರೆದಾಳೆಂದು, ಮೌಸಿನ ಪ್ರತಿ ಒತ್ತನ್ನೂ ಮೊದಲು ವಿಂಡೋ ಹಿಡಿದು ನೋಡುವಂತೆ ಮಾಡಿದ್ದ. ವಿಂಡೋ ಬಹಳ ನಿಷ್ಠೆಯಿಂದ ಹಿಡಿಯುತ್ತಿತ್ತು. 'ಎಡಗುಂಡಿ ಒತ್ತಿದ್ದೀರಿ' ಎಂದು ಕೆಳಗೆ ಬರೆದೂ ತೋರಿಸುತ್ತಿತ್ತು. ಒಳಗಿನ ಸೂರ್ಯ ಮಾತ್ರ ಜಪ್ಪಯ್ಯ ಎಂದರೂ ಮಿಸುಕಲಿಲ್ಲ.

ಹೊರಗೆ ಮೋಡದ ಸಂದಿನಿಂದ ತುಪ್ಪದ ಬಣ್ಣದ ಬೆಳಕು ಇಳಿದು ಕೀಬೋರ್ಡಿನ ಮೇಲೆ ಮಲಗಿತ್ತು. ಅಡುಗೆಮನೆಯಿಂದ ಶೇಂಗಾ ಹೋಳಿಗೆಯ ಘಮ. ಒತ್ತುತ್ತ ಒತ್ತುತ್ತ ಪಾರಿಸ ಹಗಲುಗನಸಿನಲ್ಲಿ ತೇಲಿಹೋದ. ಚಿಕ್ಕೋಡಿಯಿಂದ ಅಥಣಿಯವರೆಗೆ ಮನೆಮನೆಯಲ್ಲೂ ಅವನದೇ ಸೂರ್ಯ! ಕೊಗನೊಳ್ಳಿಯ ಗಡಿಯಲ್ಲಿ ಆಚೆಯ ಮರಾಠಿ ಮಂದಿ ಹಾರ ಹಿಡಿದು, "ಆಮ್ಹಾಲಾ ಪಣ ದ್ಯಾ," ನಮಗೂ ಕೊಡಿ ಎಂದು ಸಾಲುಗಟ್ಟಿ ನಿಂತಿದ್ದರು.

"ಊಟಕ್ಕ ಬರ್ರಿ," ಮಂಗಲ ಬಾಗಿಲಲ್ಲಿ ನಿಂತು ಕರೆದಳು.

"ಹೂಂ."

"ಹೋಳಿಗಿ ಆರಾಕತ್ತಾವ."

"ಹೂಂ."

"ಅತ್ತಿ ಉಂಡ ಎದ್ರು. ಬರ್ತೀರಿಲ್ಲೊ?"

"ಹೂಂ, ಬಂದ್ನಿ."

ಬಹಳ ಹೊತ್ತಿನ ಮೇಲೆ ಪಾರಿಸನೇ ಕರೆದ. "ಮಂಗಲಾ, ಇಲ್ನೋಡ. ಒತ್ತಿದ್ದು ವಿಂಡೋಕ ಗೊತ್ತಾಗತೈತಿ, ಒಳಗಿನ ಪೇಜಿಗೆ ಗೊತ್ತಾಗವಲ್ದು. ಹಿಂಗೆಲ್ಲರ ಇರತೈತೇನ?"

"ಯಾಕ ಇರಂಗಿಲ್ರಿ? ನಾ ಮೂರ ಸಲ ಕರದ್ನಿ. ಮೂರೂ ಸಲ ನಿಮ್ಮ ಬಾಯಿ ಹೂಂ ಅಂತು. ಒಳಗ ಸುದ್ದಿ ಮುಟ್ಟಲಿಲ್ಲ."

ಪಾರಿಸನಿಗೆ ಜುಂ ಎಂದಿತು. ಹೌದಲ್ಲ, ವಿಂಡೋ ಒತ್ತನ್ನು ಹಿಡಿದು ಹೂಂ ಎನ್ನುತ್ತಿತ್ತು. ಹಿಡಿದದ್ದನ್ನು ಒಳಗಿನ ಪೇಜಿಗೆ ದಾಟಿಸು ಎಂದು ಅವನು ಬರೆದೇ ಇರಲಿಲ್ಲ. ಒಂದು ಸಾಲು ಸೇರಿಸಿ ಒತ್ತಿದ. ಸೂರ್ಯ ಮಿನುಗಿದ. ಅಕ್ಷರಗಳು ಮೂಡಿದವು: 'ಹೊತ್ತು ಮುಳುಗಿ ನಾಲ್ಕು ನಿಮಿಷವಾಯಿತು.'

ಅಕ್ಕುತಾಯಿ ಬಂದು ಓದಿ, ಗೋಡೆಯ ಕ್ಯಾಲೆಂಡರಿನ ಜೊತೆ ತಾಳೆ ನೋಡಿದಳು. "ಬರೊಬ್ಬರಿ ಐತಿ. ಶಾಣ್ಯಾ ಅದಿಯಪಾ."

ಪಾರಿಸನಿಗೆ ಕುಣಿಯಬೇಕೆನಿಸಿತು, ಹೊಟ್ಟೆ ಬಿಡಲಿಲ್ಲ. ರಾತ್ರಿ ಕಳೆದ ಅಡುಗೆಯನ್ನು ಆ ಮನೆಯಲ್ಲಿ ಉಣ್ಣುವುದಿಲ್ಲ. ಮಂಗಲ ಅವನ ಪಾಲಿನ ಹೋಳಿಗೆ ಹಿಡಿದು ಎಮ್ಮೆಯ ಕಡೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಇನ್ನ ಅಂವ ಯಾವಾಗ ಹುಟ್ಟತಾನ ಅಂತ ಹೇಳೂದೊಂದ ಮಾಡ್ರಿ. ಮುಂಜಾನಿತನಾ ಟೈಮ್ ರಗಡ ಐತಿ."