ಬೇಕರಿಯಿಂದ ಬಂದ ಅನಿಲ

ಕೊಳವೆಯಲ್ಲಿ ಹರಿಯುವ ಅನಿಲವನ್ನು ಇನ್ನು ಮುಂದೆ ಅಂದಾಜಿನಿಂದಲ್ಲ, ಮೀಟರಿನಿಂದಲೇ ಅಳೆಯತಕ್ಕದ್ದು ಎಂದು ನಮ್ಮ ಅನಿಲ ಸರಬರಾಜು ಕಚೇರಿ ತೀರ್ಮಾನಿಸಿದಾಗ, ಆ ಕೆಲಸಕ್ಕೆ ನನ್ನನ್ನು ನೇಮಿಸಲಾಯಿತು. ಮೂರು ದಿನದ ತರಬೇತಿಗೆ ಹೋಗಿ ಬಂದವನು ಇಡೀ ಕಚೇರಿಯಲ್ಲಿ ನಾನೊಬ್ಬನೇ. ಎರಡನೆಯ ದಿನ ನನಗೆ ಜ್ವರವಿತ್ತು. ಮೂರನೆಯ ದಿನ ಗುಂಪು ಫೋಟೋ ಇತ್ತು.

ಮೊದಲ ಮೀಟರನ್ನು ಕಚೇರಿಯ ಹಿಂದಿನ ಬೀದಿಯ ಬೇಕರಿಗೆ ಕೂಡಿಸಬೇಕಾಗಿತ್ತು. ಅದರ ಯಜಮಾನಿ, ಗಂಡ ತೀರಿಕೊಂಡ ಮೇಲೆ ಆ ಒಲೆಗಳ ಮುಂದೆ ನಿಂತೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ನಮ್ಮ ಹಿರಿಯ ಫಿಟ್ಟರ್ ಗೋಡೆಯ ಪಕ್ಕದ ಕೊಳವೆಯನ್ನು ಕತ್ತರಿಸಿ, ಮೀಟರನ್ನು ನಡುವೆ ಹಿಡಿದು ನನ್ನ ಮುಖ ನೋಡಿದರು. ಮೀಟರಿನ ಮೈಮೇಲೆ ಒಂದು ಬಾಣದ ಗುರುತು. ಅನಿಲ ಹರಿಯುವ ಕಡೆಗೆ ಬಾಣ ತಿರುಗಿರಬೇಕು ಎಂಬುದು ಮೊದಲ ದಿನದ ಪಾಠ. ನಾನು ಕೊಳವೆಯ ಆಚೆ ಬದಿಗೆ ನಿಂತು, ಎಡಗೈಯನ್ನು ಬಲಗೈ ಎಂದು ತಿಳಿದು, ದಿಕ್ಕು ತೋರಿಸಿದೆ.

"ಸಾರ್, ಹೀಗೆ ಕೂಡಿಸಿದ್ರೆ ಬಾಣ ಬೀದಿ ಕಡೆ ನೋಡುತ್ತೆ," ಅಂದರು ಫಿಟ್ಟರ್.

"ತರಬೇತಿಗೆ ಹೋಗಿದ್ದು ನೀವೋ ನಾನೋ?"

ಅವರು ನಟ್ಟು ಬಿಗಿದರು. ನಾನು ಸೀಲು ಒತ್ತಿದೆ.

ವಾರದ ನಂತರ ಮೀಟರು ಮೈನಸ್ ಮುನ್ನೂರ ನಲವತ್ತು ತೋರಿಸುತ್ತಿತ್ತು. ಏನಾಗಿದೆಯೆಂದು ಹೊಳೆಯಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ತಪ್ಪೊಪ್ಪಿಕೊಳ್ಳಲೆಂದೇ ದೊಡ್ಡ ಸಾಹೇಬರ ಕೋಣೆಗೆ ಹೋದೆ. ಅವರು ಅಂಕಿಯನ್ನು ದಿಟ್ಟಿಸಿ, ಮೈನಸ್ ಅಂದರೇನು ಎಂದು ಕೇಳಿದರು. ಬೇಕರಿಯಿಂದ ನಮ್ಮ ಕಡೆಗೆ ಅನಿಲ ಬಂದಿದೆ ಎಂದರ್ಥ, ಎಂದೆ. 'ಎಂದು ತಪ್ಪಾಗಿ ತೋರಿಸುತ್ತಿದೆ' ಎನ್ನುವಷ್ಟರಲ್ಲಿ ಅವರು ಎದ್ದು ಬಂದು ನನ್ನ ಕೈ ಕುಲುಕಿದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಯಾರೂ ನನ್ನ ಕೈ ಕುಲುಕಿರಲಿಲ್ಲ. ನಾನೂ ಅವರ ಕೈ ಕುಲುಕಿ ಹೊರಬಂದೆ.

ಮರುದಿನ ಪ್ರಕಟಣೆ ಹೊರಬಿತ್ತು: 'ಹಿಂದಿನ ಬೀದಿಯ ಬೇಕರಿಯು ಅನಿಲ ಉತ್ಪಾದನಾ ಘಟಕವೆಂದು ನಿಖರ ಅಳತೆಯಿಂದ ಸಾಬೀತಾಗಿರುತ್ತದೆ. ಸದರಿ ಘಟಕವು ಮುಂದಿನ ತಿಂಗಳಿಂದ ಉತ್ಪಾದನೆಯನ್ನು ದುಪ್ಪಟ್ಟು ಮಾಡತಕ್ಕದ್ದು. ತಪ್ಪಿದಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದು.'

ಯಜಮಾನಿ ಪ್ರಕಟಣೆ ಹಿಡಿದು ನನ್ನಲ್ಲಿಗೆ ಬಂದರು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ತಾನು ಬ್ರೆಡ್ಡು ಬಿಟ್ಟು ಬೇರೇನನ್ನೂ ಮಾಡಿದವಳಲ್ಲ, ಸಂಪರ್ಕ ಕಡಿದರೆ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ನನ್ನನ್ನೇ ನೋಡುತ್ತಾ, "ಎದೆ ಮುಟ್ಕೊಂಡು ಹೇಳಿ ಸಾರ್, ನನ್ನ ಒಲೆಯಿಂದ ಗ್ಯಾಸ್ ಬರುತ್ತಾ?" ಎಂದು ಕೇಳಿದರು.

ನಿಜ ನಾಲಗೆಯ ತುದಿಗೆ ಬಂದಿತ್ತು. ಅದೇ ಹೊತ್ತಿಗೆ ಜವಾನ ಹೊಸ ಫಲಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. 'ಮುಖ್ಯ ಮಾಪನಾಧಿಕಾರಿ' ಎಂದು ಬರೆದಿತ್ತು. ಅಕ್ಷರಗಳು ದುಂಡಗಿದ್ದವು.

"ಮೀಟರ್ ಹಾಗೆ ಹೇಳುತ್ತಮ್ಮ," ಅಂದೆ.

ಅವರು ಮರುಪರೀಕ್ಷೆ ಕೇಳಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಪರೀಕ್ಷಾಲಯದವರು ಬಂದು ಎರಡು ದಿನ ಅಳೆದು, ಮೀಟರಿನಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲವೆಂದು ಪ್ರಮಾಣಪತ್ರ ಕೊಟ್ಟರು. ಬಾಣದ ದಿಕ್ಕು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದರು.

ದಾರಿ ತೋರಿಸಿದವರು ಫಿಟ್ಟರ್. ಹೆಚ್ಚು ಉರಿಸಿದಷ್ಟೂ ಮೈನಸ್ ಹೆಚ್ಚುತ್ತದೆ ಎಂದು ಅವರು ಯಜಮಾನಿಯ ಕಿವಿಯಲ್ಲಿ ಹೇಳಿದರಂತೆ. ಅಂದಿನಿಂದ ಬೇಕರಿಯ ನಾಲ್ಕೂ ಒಲೆಗಳು ಬೆಳಗಿನಿಂದ ಸಂಜೆಯವರೆಗೆ ಧಗಧಗ ಉರಿದವು. ಮೊದಲ ವಾರ ಬ್ರೆಡ್ಡು ಇದ್ದಿಲಾಯಿತು. ಎರಡನೆಯ ವಾರದಿಂದ ಅವರು ಬ್ರೆಡ್ಡು ಇಡುವುದನ್ನೇ ಬಿಟ್ಟರು. ಗುರಿ ಮೀರಿ ಉತ್ಪಾದನೆಯಾಯಿತು. ಬೀದಿಯವರು ಬ್ರೆಡ್ಡಿಲ್ಲವೆಂದು ದೂರು ಕೊಟ್ಟರು. ಬ್ರೆಡ್ಡು ಅನಿಲದ ರೂಪದಲ್ಲಿ ಇಲ್ಲದಿರುವುದರಿಂದ ದೂರನ್ನು ಪರಿಗಣಿಸಲಾಗದು ಎಂದು ನಾನೇ ಉತ್ತರ ಬರೆದೆ.

ಬೇಕರಿಗೆ ಬಿಲ್ಲಿನ ಬದಲು ಹಣ ಬರುವುದನ್ನೂ ಅದರ ಗೋಡೆಗೆ ಉತ್ಪಾದಕರ ಮಾನ್ಯತಾ ಪತ್ರ ಏರಿದ್ದನ್ನೂ ಕಂಡು ಲಾಂಡ್ರಿಯವರೂ ಗಾಜಿನ ಕಾರ್ಖಾನೆಯವರೂ ತಮ್ಮನ್ನೂ ಉತ್ಪಾದಕರನ್ನಾಗಿ ಮಾಡಿ ಎಂದು ಅರ್ಜಿ ಹಾಕಿದರು. ಅವರ ಮೀಟರುಗಳನ್ನು ನಾನು ಎರಡೆರಡು ಸಲ ನೋಡಿ, ಎಲ್ಲೂ ತಪ್ಪಾಗದಂತೆ, ಹಿಂದುಮುಂದಾಗಿಯೇ ಕೂಡಿಸಿದೆ. ವರ್ಷದ ಕೊನೆಗೆ ಊರಿನವರೆಲ್ಲ ಅನಿಲ ಉತ್ಪಾದಿಸುತ್ತಿದ್ದರು, ಬಳಸುವವರು ಒಬ್ಬರೂ ಇರಲಿಲ್ಲ. ಹಾಗಿದ್ದರೆ ಮೂಲ ಸ್ಥಾವರದಿಂದ ದಿನವೂ ಮೊದಲಿಗಿಂತ ಮೂರು ಪಟ್ಟು ಅನಿಲ ಏಕೆ ತರಿಸುತ್ತಿದ್ದೀರಿ ಎಂದು ಮೇಲಿನಿಂದ ಪತ್ರ ಬಂತು. ಉತ್ಪಾದನೆ ಹೆಚ್ಚಿದಂತೆ ಕಚ್ಚಾ ಸಾಮಗ್ರಿಯೂ ಹೆಚ್ಚು ಬೇಕಾಗುತ್ತದೆ ಎಂದು ಸಾಹೇಬರು ಉತ್ತರಿಸಿದರು. ಮೇಲಿನವರು ತೃಪ್ತರಾದರು.

ಕಳೆದ ಸೋಮವಾರ ತಪಾಸಣೆಗೆಂದು ಬೇಕರಿಗೆ ಹೋಗಿದ್ದೆ. ಬೆಂಕಿಯ ಝಳಕ್ಕೆ ಯಜಮಾನಿಯ ಕಣ್ಣುಗಳು ಕೆಂಪಾಗಿದ್ದವು. ಆದರೂ ದಾಖಲೆ ಪುಸ್ತಕವನ್ನು ಬಿಚ್ಚಿ ನನ್ನ ಮುಂದೆ ಹಿಡಿದು, "ಈ ತಿಂಗಳೂ ನಾವೇ ಮೊದಲು ಸಾರ್," ಅಂದರು. ಆ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಬೆಳಗಿನಿಂದ ಏನೂ ತಿಂದಿರದ ನಾನು, ಹಳೆಯ ಅಭ್ಯಾಸದಲ್ಲಿ, ಒಂದು ಬನ್ನು ಕೇಳಿಬಿಟ್ಟೆ.

ಉತ್ಪಾದನಾ ಘಟಕದೊಳಗೆ ತಿನ್ನುವ ಪದಾರ್ಥ ಇಡಕೂಡದು ಎಂದು ತಾವೇ ನಿಯಮ ಮಾಡಿದ್ದೀರಲ್ಲ, ಎಂದು ಅವರು ಗೌರವದಿಂದ ನೆನಪಿಸಿದರು. ನಾನು ಕ್ಷಮೆ ಕೇಳಿ, ಅವರ ಶಿಸ್ತನ್ನು ವರದಿಯಲ್ಲಿ ಮೆಚ್ಚಿ ಬರೆದು, ಹಸಿದುಕೊಂಡೇ ಕಚೇರಿಗೆ ಮರಳಿದೆ.